ನಾರಾ ನೋಡುವ ಕ್ರಮ: ಮೊದಲ ದಿನ ಪೂರ್ವಕ್ಕೆ, ಮರುದಿನ ಪಶ್ಚಿಮಕ್ಕೆ

ಜಪಾನಿಗೆ ಹೋಗುವ ನಮ್ಮವರ ಪಟ್ಟಿಯಲ್ಲಿ ನಾರಾಕ್ಕೆ ಸಿಗುವುದು ಸಾಮಾನ್ಯವಾಗಿ ಅರ್ಧ ದಿನ. ಬೆಳಿಗ್ಗೆ ಹತ್ತರ ಹೊತ್ತಿಗೆ ಕ್ಯೋತೋದಿಂದ ಬಂದಿಳಿಯುವುದು, ಜಿಂಕೆಗೆ ಬಿಸ್ಕತ್ತು ತಿನ್ನಿಸುವುದು, ದೊಡ್ಡ ಬುದ್ಧನಿಗೆ ಕೈಮುಗಿಯುವುದು, ಮೂರರ ರೈಲು ಹಿಡಿಯುವುದು. ಇದರಲ್ಲಿ ಎರಡು ನಷ್ಟಗಳಿವೆ. ಮೊದಲನೆಯದು, ಆ ಐದು ಗಂಟೆಗಳೇ ಊರಿನಲ್ಲಿ ಅತಿ ಹೆಚ್ಚು ಗಿಜಿಗಿಜಿ ಇರುವ ಹೊತ್ತು. ಎರಡನೆಯದು ಇನ್ನೂ ದೊಡ್ಡದು: ಹೀಗೆ ಬಂದು ಹೋದವರು ಹಳೆಯ ರಾಜಧಾನಿಯನ್ನು ನೋಡಿರುವುದೇ ಇಲ್ಲ.

ಇದು ಅರ್ಥವಾಗಬೇಕಾದರೆ ಊರಿನ ನಕ್ಷೆ ಸ್ವಲ್ಪ ತಿಳಿದಿರಬೇಕು. 710ರಲ್ಲಿ ಸಾಮ್ರಾಜ್ಞಿ ಗೆನ್‌ಮೇ ರಾಜಧಾನಿಯನ್ನು ಇಲ್ಲಿಗೆ ತಂದಾಗ ಅದರ ಹೆಸರು ಹೇಜೋ-ಕ್ಯೋ. ಚೀನಾದ ತಾಂಗ್ ರಾಜಧಾನಿ ಚಾಂಗ್‌ಆನ್ ಮಾದರಿಯಲ್ಲಿ ಬೀದಿಗಳನ್ನು ಅಡ್ಡ-ಉದ್ದ ಗೆರೆ ಎಳೆದ ಹಾಗೆ ಹಾಕಿದ್ದರು. ಉತ್ತರದ ತುದಿಯಲ್ಲಿ ಅರಮನೆ, ಅಲ್ಲಿಂದ ನೇರ ದಕ್ಷಿಣಕ್ಕೆ ಎಪ್ಪತ್ತು ಮೀಟರಿಗೂ ಅಗಲವಾದ ರಾಜಬೀದಿ. ಈ ಚೌಕಟ್ಟಿನ ಪೂರ್ವಕ್ಕೆ ಒಂದು ತುಂಡು ಹೆಚ್ಚುವರಿಯಾಗಿ ಅಂಟಿಕೊಂಡಿತ್ತು. ಅದನ್ನು ಗೆಕ್ಯೋ, ಅಂದರೆ ಹೊರಪೇಟೆ ಎನ್ನುತ್ತಾರೆ. ಕೋಫುಕುಜಿ, ಗಾಂಗೋಜಿ ದೇವಾಲಯಗಳು ಇದ್ದದ್ದು ಅಲ್ಲಿ. ಅದಕ್ಕೂ ಪೂರ್ವಕ್ಕೆ, ಬೆಟ್ಟದ ತಪ್ಪಲಲ್ಲಿ ತೋದಾಯ್‌ಜಿ ಮತ್ತು ಕಸುಗಾ ಗುಡಿ. 784ರಲ್ಲಿ ರಾಜಧಾನಿ ನಾಗಾಓಕಾಕ್ಕೆ ಹೋಯಿತು, ಹತ್ತು ವರ್ಷದ ಬಳಿಕ ಕ್ಯೋತೋಗೆ. ಅರಮನೆ ಇದ್ದ ಜಾಗ ಭತ್ತದ ಗದ್ದೆಯಾಯಿತು. ದೇವಾಲಯಗಳು ಮಾತ್ರ ಉಳಿದವು, ಅವುಗಳ ಸುತ್ತ ಊರು ಬೆಳೆಯಿತು. ಹಾಗಾಗಿ ಇವತ್ತಿನ ರೈಲು ನಿಲ್ದಾಣ, ಜಿಂಕೆಗಳ ಪಾರ್ಕು, ಅಂಗಡಿಬೀದಿ ಎಲ್ಲವೂ ಆ ಹೊರಪೇಟೆಯ ಕಡೆಗಿವೆ. ಅರಮನೆಯ ಬಯಲು ಮೂರು-ನಾಲ್ಕು ಕಿಲೋಮೀಟರ್ ಪಶ್ಚಿಮಕ್ಕಿದೆ. ಎರಡನ್ನೂ ನೋಡಲು ಎರಡು ದಿನ ಬೇಕು, ನಡುವೆ ಒಂದು ರಾತ್ರಿ ಇಲ್ಲೇ ತಂಗಬೇಕು.

ತಲುಪುವುದು

ನಾರಾದಲ್ಲಿ ಎರಡು ನಿಲ್ದಾಣಗಳಿವೆ: ಖಾಸಗಿ ಕಂಪನಿಯ ಕಿಂತೆತ್ಸು ನಾರಾ ಮತ್ತು ಜೆಆರ್ (ಜಪಾನ್ ರೈಲ್ವೇಸ್) ನಾರಾ. ಕಿಂತೆತ್ಸು ನಿಲ್ದಾಣದಿಂದ ಮೇಲೆ ಬಂದು ಐದು ನಿಮಿಷ ನಡೆದರೆ ಪಾರ್ಕಿನ ಅಂಚು ಸಿಗುತ್ತದೆ. ಜೆಆರ್ ನಿಲ್ದಾಣ ಅದಕ್ಕಿಂತ ಪಶ್ಚಿಮಕ್ಕಿದೆ, ಕಾಲು ಗಂಟೆ ಹೆಚ್ಚು ನಡಿಗೆ. ಜಪಾನ್ ರೈಲ್ ಪಾಸ್ ನಡೆಯುವುದು ಜೆಆರ್ ರೈಲಿನಲ್ಲಿ ಮಾತ್ರ, ಕಿಂತೆತ್ಸುವಿನಲ್ಲಿ ಅಲ್ಲ. ಪಾಸ್ ಇದ್ದವರು ಕ್ಯೋತೋದಿಂದ ಮಿಯಾಕೋಜಿ ಎಂಬ ವೇಗದ ಜೆಆರ್ ರೈಲು ಹಿಡಿಯಲಿ, ಸುಮಾರು 45 ನಿಮಿಷ. ಪಾಸ್ ಇಲ್ಲದವರಿಗೆ ಕಿಂತೆತ್ಸುವೇ ಅನುಕೂಲ. 2023ರ ದರ ಏರಿಕೆಯ ನಂತರ ಕ್ಯೋತೋದಿಂದ ಸಾಮಾನ್ಯ ಟಿಕೆಟ್ 760 ಯೆನ್, ಒಸಾಕಾ-ನಾಂಬಾದಿಂದ 680 ಯೆನ್. ನಾಂಬಾದಿಂದ 40 ನಿಮಿಷ ಸಾಕು.

ಕಿಂತೆತ್ಸುವಿನಲ್ಲಿ ಎಡವುವ ಜಾಗಗಳು ಎರಡು. ಲಿಮಿಟೆಡ್ ಎಕ್ಸ್‌ಪ್ರೆಸ್ ಗಾಡಿಗೆ ಟಿಕೆಟ್ಟಿನ ಮೇಲೆ ಇನ್ನೊಂದು ಚೀಟಿ ಬೇಕು. ಇಕೋಕಾ ಎಂಬ ರೀಚಾರ್ಜ್ ಕಾರ್ಡ್ ಮುಟ್ಟಿಸಿದರೆ ಗೇಟು ತೆರೆದುಕೊಳ್ಳುತ್ತದೆ, ಎಲ್ಲ ಸರಿಯಾಗಿದೆ ಅಂದುಕೊಂಡು ಕೂತಿರುತ್ತೀರಿ, ಆಮೇಲೆ ಕಂಡಕ್ಟರ್ ಬಂದು ಹೆಚ್ಚುವರಿ ಹಣ ಕೇಳುತ್ತಾರೆ. ಹತ್ತು-ಹದಿನೈದು ನಿಮಿಷ ಹೆಚ್ಚಾದರೂ ಪರವಾಗಿಲ್ಲ ಎನ್ನುವವರು ಸಾಮಾನ್ಯ ಎಕ್ಸ್‌ಪ್ರೆಸ್ ಹತ್ತಿದರೆ ಈ ಖರ್ಚಿಲ್ಲ. ಎರಡನೆಯದು, ಕ್ಯೋತೋದಿಂದ ಹೊರಡುವ ಗಾಡಿಗಳೆಲ್ಲ ನಾರಾಕ್ಕೆ ಬರುವುದಿಲ್ಲ. ಕೆಲವು ಕಾಶಿಹಾರಾ-ಜಿಂಗೂ-ಮಾಯೆ ಕಡೆಗೆ ದಕ್ಷಿಣಕ್ಕೆ ತಿರುಗುತ್ತವೆ. ಅಂಥದ್ದು ಹತ್ತಿದ್ದರೆ ಗಾಬರಿ ಬೇಡ, ಯಾಮಾತೋ-ಸಾಯ್‌ದಾಯ್‌ಜಿ ಎಂಬ ಜಂಕ್ಷನ್‌ನಲ್ಲಿ ಇಳಿದು ನಾರಾ ಗಾಡಿಗೆ ಬದಲಿಸಿ, ಅಲ್ಲಿಂದ ಐದಾರು ನಿಮಿಷ ಅಷ್ಟೆ. ಈ ಸಾಯ್‌ದಾಯ್‌ಜಿ ಹೆಸರನ್ನು ನೆನಪಿಡಿ, ಎರಡನೇ ದಿನ ಮತ್ತೆ ಬೇಕಾಗುತ್ತದೆ.

ಕಾನ್ಸಾಯ್ ವಿಮಾನ ನಿಲ್ದಾಣದಿಂದ ನೇರ ಬಸ್ಸಿದೆ, ಸುಮಾರು ಒಂದೂವರೆ ಗಂಟೆ. ತೋಕ್ಯೋದಲ್ಲಿ ಇಳಿದವರು ಬುಲೆಟ್ ರೈಲಿನಲ್ಲಿ ಕ್ಯೋತೋಗೆ ಬಂದು ಅಲ್ಲಿಂದ ಹೊರಡಬೇಕು.

ಯಾವ ತಿಂಗಳು

ನವೆಂಬರಿನ ಮಧ್ಯದಿಂದ ಡಿಸೆಂಬರ್ ಆರಂಭದವರೆಗೆ ಎಲೆಗಳು ಕೆಂಪಾಗುವ ಕಾಲ, ಮಾರ್ಚ್ ಕೊನೆಯಿಂದ ಏಪ್ರಿಲ್ ಮೊದಲ ವಾರದವರೆಗೆ ಚೆರಿ ಹೂವು. ಎರಡೂ ಚಂದ, ಎರಡರಲ್ಲೂ ಜನಜಂಗುಳಿ. ಏಪ್ರಿಲ್ 29ರಿಂದ ಮೇ 5ರ ಗೋಲ್ಡನ್ ವೀಕ್‌ನಲ್ಲಿ ಮಾತ್ರ ಹೋಗಲೇಬೇಡಿ. ಜೂನ್ ಆರಂಭದಿಂದ ಜುಲೈ ಮಧ್ಯದವರೆಗೆ ಮಳೆಗಾಲ. ಆಗಸ್ಟಿನಲ್ಲಿ 35 ಡಿಗ್ರಿ ದಾಟುವ ಸೆಕೆ, ಕರಾವಳಿಯವರಿಗೆ ಪರಿಚಿತವಾದ ಅದೇ ಬೆವರು. ನಮ್ಮ ಅಭಿಪ್ರಾಯದಲ್ಲಿ ಹೆಚ್ಚು ಜನ ಗಮನಿಸದ ಒಳ್ಳೆಯ ಕಾಲವೆಂದರೆ ಜನವರಿ-ಫೆಬ್ರವರಿ. ಬೆಳಗಿನ ತಾಪಮಾನ ಸೊನ್ನೆಯ ಹತ್ತಿರ ಇರುತ್ತದೆ, ಆದರೆ ಆಕಾಶ ತಿಳಿಯಾಗಿರುತ್ತದೆ, ದೇವಾಲಯಗಳು ಖಾಲಿ. ಜನವರಿಯ ನಾಲ್ಕನೇ ಶನಿವಾರ ವಕಾಕುಸಾಯಾಮಾ ಎಂಬ ಹುಲ್ಲಿನ ಗುಡ್ಡಕ್ಕೆ ಇಡಿಯಾಗಿ ಬೆಂಕಿ ಹಚ್ಚುವ ಆಚರಣೆ ಇದೆ. ಗಾಳಿ-ಮಳೆ ಇದ್ದರೆ ಹುಲ್ಲು ಸರಿಯಾಗಿ ಹತ್ತಿಕೊಳ್ಳುವುದಿಲ್ಲ, ಅದಕ್ಕಾಗಿಯೇ ದೂರದಿಂದ ಬಂದವರು ಪೆಚ್ಚಾಗುವುದೂ ಉಂಟು.

ಮಾರ್ಚ್ 1ರಿಂದ 14ರವರೆಗೆ ತೋದಾಯ್‌ಜಿಯ ನಿಗತ್ಸುದೋ ಎಂಬ ಮಂದಿರದಲ್ಲಿ ಓಮಿಜುತೋರಿ. 752ರಿಂದ ತಪ್ಪದೆ ನಡೆದುಬಂದ ಆಚರಣೆ ಇದು. ಕತ್ತಲಾದ ಮೇಲೆ ದೊಡ್ಡ ಪಂಜುಗಳನ್ನು ಹೊತ್ತು ಮರದ ಜಗಲಿಯ ಮೇಲೆ ಓಡುತ್ತಾರೆ, ಕಿಡಿಗಳು ಕೆಳಗೆ ನಿಂತವರ ಮೇಲೆ ಉದುರುತ್ತವೆ. 12ನೇ ತಾರೀಕಿನ ಪಂಜುಗಳು ಎಲ್ಲಕ್ಕಿಂತ ದೊಡ್ಡವು, ಜನವೂ ಅಂದೇ ಹೆಚ್ಚು. ವಾರದ ನಡುವಿನ ಬೇರೆ ಯಾವುದಾದರೂ ದಿನ ಹೋದರೆ ಹತ್ತಿರದಿಂದ ಕಾಣುತ್ತದೆ. ಕಿಡಿ ಬಿದ್ದರೆ ನೈಲಾನ್ ಜಾಕೆಟ್ಟಿಗೆ ತೂತು ಬೀಳುತ್ತದೆ, ಹತ್ತಿ ಅಥವಾ ಉಣ್ಣೆಯ ಬಟ್ಟೆ ಹಾಕಿಕೊಂಡಿರಿ.

ಮೊದಲ ದಿನ: ಏಳೂವರೆಗೆ ಬುದ್ಧನ ಮುಂದೆ

ಪಾರ್ಕಿನ ಸುತ್ತಾಟದಲ್ಲಿ ಎಲ್ಲರೂ ಮಾಡುವ ತಪ್ಪು ಒಂದೇ. ನಿಲ್ದಾಣದಿಂದ ಹೊರಟವರು ಮೊದಲು ಕಂಡ ಜಿಂಕೆಯ ಬಳಿ ನಿಲ್ಲುತ್ತಾರೆ, ಕೋಫುಕುಜಿಯಲ್ಲಿ ಅರ್ಧ ಗಂಟೆ ಕಳೆಯುತ್ತಾರೆ, ತೋದಾಯ್‌ಜಿಗೆ ಬರುವಷ್ಟರಲ್ಲಿ ಹನ್ನೊಂದು ಗಂಟೆ, ಶಾಲಾಮಕ್ಕಳ ಬಸ್ಸುಗಳು ಸಾಲುಗಟ್ಟಿರುತ್ತವೆ. ಕ್ರಮವನ್ನು ತಿರುಗಿಸಿ. ಅತಿ ದೂರದ್ದನ್ನು ಮೊದಲು ನೋಡಿ, ನಿಲ್ದಾಣದ ಕಡೆಗೆ ಹಿಂದಿರುಗುತ್ತ ಬನ್ನಿ. ತೋದಾಯ್‌ಜಿಯ ಮಹಾಬುದ್ಧ ಮಂದಿರ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಬೆಳಿಗ್ಗೆ 7.30ಕ್ಕೆ, ಉಳಿದ ತಿಂಗಳುಗಳಲ್ಲಿ 8ಕ್ಕೆ ತೆರೆಯುತ್ತದೆ. ಪ್ರವೇಶ 2024ರಿಂದ 800 ಯೆನ್. ಕಿಂತೆತ್ಸು ನಿಲ್ದಾಣದಿಂದ ಇಪ್ಪತ್ತು ನಿಮಿಷದ ನಡಿಗೆ.

ಮೊದಲು ಸಿಗುವುದು ನಾಂದಾಯ್‌ಮೊನ್, ದಕ್ಷಿಣದ ಹೆಬ್ಬಾಗಿಲು. ಇದನ್ನು ದಾಟಿ ಓಡಬೇಡಿ. 1199ರಲ್ಲಿ ಎತ್ತಿದ ಬಾಗಿಲು ಇದು. ಎಡಬಲದ ಜಾಲರಿಯ ಹಿಂದೆ ನಿಂತಿರುವ ಎಂಟು ಮೀಟರಿಗೂ ಮೀರಿದ ಇಬ್ಬರು ಮರದ ದ್ವಾರಪಾಲಕರನ್ನು 1203ರಲ್ಲಿ ಉನ್‌ಕೇ, ಕಾಯ್‌ಕೇ ಮತ್ತು ಅವರ ಶಿಲ್ಪಿಗಳು ಸುಮಾರು ಎಪ್ಪತ್ತು ದಿನದಲ್ಲಿ ಮುಗಿಸಿದರು. ಅಷ್ಟು ಬೇಗ ಆದದ್ದು ಬಿಡಿಬಿಡಿ ಮರದ ತುಂಡುಗಳನ್ನು ಬೇರೆ ಬೇರೆ ಕೈಗಳು ಕೆತ್ತಿ ಜೋಡಿಸಿದ್ದರಿಂದ. ಒಬ್ಬನ ಬಾಯಿ ತೆರೆದಿದೆ, ಇನ್ನೊಬ್ಬನದು ಮುಚ್ಚಿದೆ. ‘ಅ’ದಿಂದ ‘ಹೂಂ’ವರೆಗೆ, ಆದಿ-ಅಂತ್ಯ, ಸಂಸ್ಕೃತದ ವರ್ಣಮಾಲೆ ಇಲ್ಲಿಗೆ ಬಂದ ದಾರಿ ಅದು. ಮಧ್ಯಾಹ್ನ ಜಾಲರಿಯ ಮೇಲೆ ಬೆಳಕು ಬಿದ್ದು ಒಳಗಿನ ಮೂರ್ತಿ ಕಾಣುವುದಿಲ್ಲ, ಮೊಬೈಲನ್ನು ಜಾಲರಿಯ ಕಣ್ಣಿಗೆ ಒತ್ತಿ ಹಿಡಿದರೆ ಚಿತ್ರ ಬರುತ್ತದೆ.

ಒಳಗಿನ ಕಂಚಿನ ವೈರೋಚನ ಬುದ್ಧ ಸುಮಾರು 15 ಮೀಟರ್ ಎತ್ತರ. 743ರಲ್ಲಿ ಚಕ್ರವರ್ತಿ ಶೋಮು ಸಂಕಲ್ಪ ಮಾಡಿದ, 752ರಲ್ಲಿ ಕಣ್ಣು ಬರೆಯುವ ವಿಧಿ ನಡೆಯಿತು. ಕುಂಚ ಹಿಡಿದು ಆ ಕಣ್ಣು ಬರೆದವನು ಭಾರತದ ಭಿಕ್ಷು ಬೋಧಿಸೇನ, ಚೀನಾದ ಮೂಲಕ 736ರಲ್ಲಿ ಜಪಾನ್ ತಲುಪಿದ್ದವನು. ಕುಂಚಕ್ಕೆ ಕಟ್ಟಿದ್ದ ಉದ್ದನೆಯ ದಾರವನ್ನು ನೆರೆದವರು ಹಿಡಿದುಕೊಂಡಿದ್ದರಂತೆ. ಆ ಕುಂಚ ಮಂದಿರದ ಹಿಂಬದಿಗಿರುವ ಶೋಸೋಯಿನ್ ಭಂಡಾರದಲ್ಲಿ ಇಂದಿಗೂ ಇದೆ. ಬುದ್ಧ ಹಾಗೂ ಮಂದಿರ ಎರಡೂ 1180 ಮತ್ತು 1567ರ ಯುದ್ಧಗಳಲ್ಲಿ ಬೆಂಕಿಗೆ ಸಿಕ್ಕಿದವು, ಮೂರ್ತಿಯ ತಲೆ ನಂತರದ ಕಾಲದ್ದು. ಹಳೆಯ ಎರಕ ನೋಡಬೇಕಾದರೆ ಪದ್ಮಪೀಠದ ದಳಗಳನ್ನು ನೋಡಿ, ಅವುಗಳಲ್ಲಿ ಕೆಲವು ಎಂಟನೇ ಶತಮಾನದವು. ಕೊರೆದ ಗೆರೆಗಳು ಸರಿಯಾಗಿ ಕಾಣಲು ಹಿಂಭಾಗದಲ್ಲಿ ಇಟ್ಟಿರುವ ಪ್ರತಿಕೃತಿಯ ದಳ ಸಹಾಯಕ್ಕೆ ಬರುತ್ತದೆ. ಈಗಿನ ಮಂದಿರ 1709ರದು, 57 ಮೀಟರ್ ಅಗಲ. ಮೊದಲನೆಯದು ಇದಕ್ಕಿಂತ ಮೂವತ್ತು ಮೀಟರಿನಷ್ಟು ಹೆಚ್ಚು ಅಗಲವಿತ್ತು. ಒಳಗಿರುವ ಮರದ ಮಾದರಿಗಳಲ್ಲಿ ಈ ವ್ಯತ್ಯಾಸ ಅಳೆಯಬಹುದು.

ಹಿಂದೆ ಬಲಭಾಗದ ಒಂದು ಕಂಬದ ಬುಡದಲ್ಲಿ ತೂತಿದೆ, ಬುದ್ಧನ ಮೂಗಿನ ಹೊಳ್ಳೆಯಷ್ಟು ದೊಡ್ಡದು ಎನ್ನುತ್ತಾರೆ. ನುಸುಳಿದವರಿಗೆ ಪುಣ್ಯವೆಂಬ ನಂಬಿಕೆ. ಮಕ್ಕಳಿಗೆ ಸುಲಭ. ದೊಡ್ಡವರು ಎರಡೂ ಕೈಗಳನ್ನು ತಲೆಯ ಮುಂದಕ್ಕೆ ಚಾಚಿ, ಓರೆಯಾಗಿ ತೂರಬೇಕು. ಕೈ ಪಕ್ಕಕ್ಕಿಟ್ಟುಕೊಂಡು ಹೊರಟರೆ ಭುಜ ಸಿಕ್ಕಿಕೊಳ್ಳುತ್ತದೆ, ಸೊಂಟ ದಪ್ಪವಿದ್ದರೆ ಪ್ರಯತ್ನವೇ ಬೇಡ. ಹೊರಗೆ ಬಂದಾಗ ಜಗಲಿಯಲ್ಲಿ ಕೆಂಪು ಬಟ್ಟೆ ಹೊದ್ದು ಕೂತ ಮರದ ಮುದುಕ ಬಿಂಜೂರು, ನಮ್ಮ ಪಿಂಡೋಲ ಭಾರದ್ವಾಜ. ನಿಮಗೆ ನೋವಿರುವ ಭಾಗವನ್ನೇ ಅವನ ಮೈಯಲ್ಲಿ ಸವರಿ, ಆಮೇಲೆ ನಿಮ್ಮದನ್ನು ಸವರಿಕೊಳ್ಳುವುದು ಪದ್ಧತಿ. ಮಂಡಿಗಳು ಬಹಳ ಸವೆದಿವೆ.

ಇಲ್ಲಿಂದ ಪೂರ್ವಕ್ಕೆ ಮೆಟ್ಟಿಲು ಹತ್ತಿದರೆ ಹತ್ತು ನಿಮಿಷಕ್ಕೆ ನಿಗತ್ಸುದೋ. ಪ್ರವೇಶಕ್ಕೆ ಹಣವಿಲ್ಲ, ಜಗಲಿ ರಾತ್ರಿಯೂ ತೆರೆದಿರುತ್ತದೆ. ಜಗಲಿ ಪಶ್ಚಿಮಕ್ಕೆ ಮುಖಮಾಡಿರುವುದರಿಂದ ಸೂರ್ಯಾಸ್ತಕ್ಕೆ ಮತ್ತೆ ಬರುವುದು ಒಳ್ಳೆಯದು. ಒಂದು ರಾತ್ರಿ ತಂಗಿ ಎಂದು ಹೇಳಿದ್ದಕ್ಕೆ ಇದೂ ಒಂದು ಕಾರಣ. ಪಕ್ಕದ ಹೊಕ್ಕೆದೋ ತೋದಾಯ್‌ಜಿಯ ಅತ್ಯಂತ ಹಳೆಯ ಕಟ್ಟಡ. ಹೆಚ್ಚಿನವರು ಟಿಕೆಟ್ ಬೇರೆ ಎಂದು ಒಳಗೆ ಹೋಗುವುದಿಲ್ಲ. ದೊಡ್ಡ ಬುದ್ಧನಿಗಿಂತ ಇಲ್ಲಿಯೇ ಹೆಚ್ಚು ಹೊತ್ತು ಕೂರಬೇಕು ಎಂದು ನಾವು ಹೇಳುತ್ತೇವೆ. ನಡುವೆ ಅಮೋಘಪಾಶ ಅವಲೋಕಿತೇಶ್ವರ, ಎಡಬಲಕ್ಕೆ ಬೊನ್‌ತೆನ್ ಮತ್ತು ತಾಯ್‌ಶಾಕುತೆನ್, ಅಂದರೆ ಬ್ರಹ್ಮ ಮತ್ತು ಇಂದ್ರ. ಎಂಟನೇ ಶತಮಾನದ ಮೂರ್ತಿಗಳು. ಮುಂದೆ ಕೂರಲು ಜಗಲಿ ಇದೆ, ಒಳಗೆ ಕತ್ತಲೆ, ಕಣ್ಣು ಹೊಂದಿಕೊಳ್ಳಲು ಐದು ನಿಮಿಷ ಬೇಕು. ಎರಡೇ ನಿಮಿಷ ನಿಂತು ಹೊರಟರೆ ಏನೂ ಕಾಣುವುದಿಲ್ಲ.

ಈ ಹೆಸರಿನ ಕೀಲಿ ಕೈಯಲ್ಲಿದ್ದರೆ ನಾರಾ ನಮಗೆ ಬೇಗ ಪರಿಚಯವಾಗುತ್ತದೆ: ತಾಮೊನ್‌ತೆನ್ ಎಂದರೆ ವೈಶ್ರವಣ (ಕುಬೇರ), ಕಿಶ್ಶೋತೆನ್ ಎಂದರೆ ಲಕ್ಷ್ಮಿ, ಬೆನ್‌ಜಾಯ್‌ತೆನ್ ಎಂದರೆ ಸರಸ್ವತಿ, ಕನ್ನೋನ್ ಎಂದರೆ ಅವಲೋಕಿತೇಶ್ವರ. ಗೋರಿಯ ಹಲಗೆಗಳ ಮೇಲೆ ಕಾಣುವ ಬೀಜಾಕ್ಷರಗಳು ಸಿದ್ಧಂ ಲಿಪಿಯವು. ಕನ್ನಡದ ಹಾಗೆ ಅದೂ ಬ್ರಾಹ್ಮಿಯ ಸಂತತಿ.

ನಡವಳಿಕೆಯ ಮಾತು. ಮಹಾಬುದ್ಧ ಮಂದಿರದಲ್ಲಿ ಚಪ್ಪಲಿ ಬಿಡಬೇಕಿಲ್ಲ, ಬಿಟ್ಟು ನಡೆಯಲು ಹೋದರೆ ಅಲ್ಲಿಯವರೇ ಮುಜುಗರಪಡುತ್ತಾರೆ. ಚಾಪೆ ಅಥವಾ ಹಲಗೆ ಹಾಸಿದ ಕಡೆ ಮಾತ್ರ ಬಿಚ್ಚಬೇಕು, ಕಾಲುಚೀಲ ಹರಿದಿರಬಾರದು. ಬೌದ್ಧ ದೇವಾಲಯದಲ್ಲಿ ಸುಮ್ಮನೆ ಕೈಮುಗಿಯುವುದು. ಜಪಾನಿನ ಮೂಲಧರ್ಮವಾದ ಶಿಂತೋದ ಗುಡಿಯಲ್ಲಿ (ಕಸುಗಾ ಅಂಥದ್ದು) ಎರಡು ಸಲ ಬಾಗಿ, ಎರಡು ಚಪ್ಪಾಳೆ ತಟ್ಟಿ, ಮತ್ತೊಮ್ಮೆ ಬಾಗುವುದು. ಮಹಾಬುದ್ಧ ಮಂದಿರದಲ್ಲಿ ಫೋಟೊ ತೆಗೆಯಬಹುದು, ಹೊಕ್ಕೆದೋದಲ್ಲೂ ಕೋಫುಕುಜಿಯ ಸಂಗ್ರಹಾಲಯದಲ್ಲೂ ಕೂಡದು. ಟಿಕೆಟ್ಟಿಗೆ ನಗದು ಇಟ್ಟುಕೊಳ್ಳಿ.

ಹೊಕ್ಕೆದೋದಿಂದ ದಕ್ಷಿಣಕ್ಕೆ, ವಕಾಕುಸಾಯಾಮಾ ಗುಡ್ಡದ ಬುಡದ ಅಂಗಡಿಸಾಲು ದಾಟಿ ಇಪ್ಪತ್ತು ನಿಮಿಷ ನಡೆದರೆ ಕಸುಗಾ ತಾಯ್‌ಶಾ. 342 ಮೀಟರಿನ ಈ ಗುಡ್ಡ ಮಾರ್ಚ್ ಮೂರನೇ ಶನಿವಾರದಿಂದ ಡಿಸೆಂಬರ್ ಎರಡನೇ ಭಾನುವಾರದವರೆಗೆ ಮಾತ್ರ ಏರಲು ತೆರೆದಿರುತ್ತದೆ. ಮೊದಲ ಹಂತದವರೆಗೆ ಹತ್ತಿದರೆ ಸಾಕು, ಊರೆಲ್ಲ ಕಾಣುತ್ತದೆ. ಮೇಲಿನ ಹಂತಗಳಲ್ಲಿ ಹುಲ್ಲು ಬಿಟ್ಟರೆ ಹೊಸತೇನಿಲ್ಲ.

ಕಸುಗಾ ಗುಡಿ 768ರಲ್ಲಿ ಫುಜಿವಾರಾ ಮನೆತನ ಸ್ಥಾಪಿಸಿದ್ದು. ಭಕ್ತರು ಕೊಟ್ಟ ಮೂರು ಸಾವಿರದಷ್ಟು ದೀಪಗಳಿವೆ, ದಾರಿಯಲ್ಲಿ ಕಲ್ಲಿನವು, ಗುಡಿಯ ಸುತ್ತ ಕಂಚಿನವು. ಎಲ್ಲವನ್ನೂ ಹಚ್ಚುವುದು ಸಾಮಾನ್ಯವಾಗಿ ಫೆಬ್ರವರಿ 3ಕ್ಕೆ ಬರುವ ಸೆತ್ಸುಬುನ್ ಹಬ್ಬದ ದಿನ ಮತ್ತು ಆಗಸ್ಟ್ 14, 15ರಂದು. ಬೇರೆ ದಿನ ಬಂದವರು ನಿರಾಶರಾಗಬೇಕಿಲ್ಲ. ಹಣ ಕೊಟ್ಟು ಹೋಗುವ ಒಳಪ್ರಾಕಾರದಲ್ಲಿ ಫುಜಿನಾಮಿ-ನೋ-ಯಾ ಎಂಬ ಕತ್ತಲ ಕೋಣೆ ಇದೆ, ಅಲ್ಲಿ ವರ್ಷವಿಡೀ ದೀಪಗಳು ಉರಿಯುತ್ತಿರುತ್ತವೆ. ಒಳಪ್ರಾಕಾರ ತೆರೆಯುವುದು ಒಂಬತ್ತಕ್ಕೆ, ತೋದಾಯ್‌ಜಿ ಮುಗಿಸಿ ಬರುವಷ್ಟರಲ್ಲಿ ಸರಿಹೋಗುತ್ತದೆ. ಗುಡಿಯ ಹಿಂದಿನ ಕಾಡಿನಲ್ಲಿ 841ರಿಂದ ಮರ ಕಡಿಯುವುದೂ ಬೇಟೆಯೂ ನಿಷಿದ್ಧ. ಹಾಗಾಗಿ ಲಕ್ಷಾಂತರ ಜನರ ಊರಿನ ಅಂಚಿನಲ್ಲೇ ಕನ್ನೆಕಾಡು ಉಳಿದುಕೊಂಡಿದೆ.

ವಾಪಸ್ಸು ಬರಲು ಎರಡು ದಾರಿ. ಒಂದು, ದೀಪಸ್ತಂಭಗಳ ನೇರ ದಾರಿಯಲ್ಲಿ ಪಶ್ಚಿಮಕ್ಕೆ ಇಳಿದು ಕೋಫುಕುಜಿ. ಇನ್ನೊಂದು, ನೈಋತ್ಯಕ್ಕೆ ಕಾಡಿನ ನಡುವಿನ ಕಾಲುದಾರಿ ಹಿಡಿದು ಹತ್ತು-ಹದಿನೈದು ನಿಮಿಷಕ್ಕೆ ಶಿನ್-ಯಾಕುಶಿಜಿ, ಅಲ್ಲಿಂದ ನಾರಾಮಾಚಿ ಎಂಬ ಹಳೆಯ ವ್ಯಾಪಾರಿಗಳ ಕೇರಿ. ಶಿನ್-ಯಾಕುಶಿಜಿ ದೇವಾಲಯದಲ್ಲಿ ಭೈಷಜ್ಯಗುರುವಿನ (ರೋಗ ಗುಣಪಡಿಸುವ ಬುದ್ಧ) ಸುತ್ತ ವೃತ್ತಾಕಾರವಾಗಿ ನಿಂತ ಹನ್ನೆರಡು ಮಣ್ಣಿನ ಸೇನಾನಿಗಳಿದ್ದಾರೆ. ಇವರನ್ನು ನೋಡಲು ಬರುವವರು ಕಡಿಮೆ. ಕಾಲಲ್ಲಿ ಶಕ್ತಿಯಿದ್ದರೆ ಎರಡನೇ ದಾರಿಯೇ ಮೇಲು.

ಯಾವ ದಾರಿಯಲ್ಲಿ ಬಂದರೂ ದಿನದ ಕೊನೆಗೆ ಕೋಫುಕುಜಿಯ ಕೊಕುಹೋಕಾನ್ ಸಂಗ್ರಹಾಲಯ ಉಳಿಸಿಕೊಳ್ಳಿ. ಐದಕ್ಕೆ ಮುಚ್ಚುತ್ತದೆ, ನಾಲ್ಕರ ಒಳಗೆ ಒಳಗಿರಿ. 734ರಲ್ಲಿ ಬಟ್ಟೆಯ ಪದರಗಳಿಗೆ ಅರಗು ಬಳಿದು ಮಾಡಿದ, ಒಳಗೆ ಟೊಳ್ಳಾದ ಮೂರ್ತಿಗಳು ಇಲ್ಲಿವೆ. ಟೊಳ್ಳಾದ್ದರಿಂದ ಹಗುರ, ಬೆಂಕಿ ಬಿದ್ದಾಗಲೆಲ್ಲ ಎತ್ತಿಕೊಂಡು ಓಡಲು ಸಾಧ್ಯವಾಗಿತ್ತು. ಗರುಡ, ಗಂಧರ್ವ, ಕಿನ್ನರರ ಜೊತೆಗೆ ಮೂರು ಮುಖ, ಆರು ಕೈಯ ಅಸುರ. ನಾವು ಕಲ್ಪಿಸಿಕೊಂಡ ಅಸುರನಿಗೂ ಇವನಿಗೂ ಸಂಬಂಧವೇ ಇಲ್ಲ: ಬಡಕಲು ಹುಡುಗ, ಹುಬ್ಬು ಗಂಟಿಕ್ಕಿ ಏನನ್ನೋ ಯೋಚಿಸುತ್ತಿದ್ದಾನೆ. ಪಕ್ಕದ, 1426ರ ಐದಂತಸ್ತಿನ ಗೋಪುರಕ್ಕೆ ದೊಡ್ಡ ದುರಸ್ತಿ ನಡೆಯುತ್ತಿದೆ, 2030ರ ದಶಕದವರೆಗೂ ಅದು ಹೊದಿಕೆಯೊಳಗೇ ಇರುತ್ತದೆ. ಕೊಳದಲ್ಲಿ ಗೋಪುರದ ನೆರಳು ಬೀಳುವ ಆ ಪ್ರಸಿದ್ಧ ಚಿತ್ರಕ್ಕಾಗಿ ಬರುವವರು ಇದನ್ನು ಮೊದಲೇ ತಿಳಿದಿರಲಿ.

ಜಿಂಕೆಗಳು

ಪಾರ್ಕಿನಲ್ಲಿ ಸಾವಿರಕ್ಕೂ ಹೆಚ್ಚು ಜಿಂಕೆಗಳಿವೆ. ಕಸುಗಾದ ದೇವರು ಬಿಳಿ ಜಿಂಕೆಯೇರಿ ಬಂದನೆಂಬ ಕಥೆಯಿಂದಾಗಿ ಇವನ್ನು ಕೊಲ್ಲುವಂತಿರಲಿಲ್ಲ. 1957ರಿಂದ ಸರ್ಕಾರದ ರಕ್ಷಣೆಯೂ ಇದೆ. ಸಾಕಿದವು ಅಂದುಕೊಳ್ಳಬೇಡಿ, ಕಾಡುಪ್ರಾಣಿಗಳು.

ಅವುಗಳಿಗೆ ಕೊಡಬಹುದಾದದ್ದು ಶಿಕಾ ಸೆಂಬೇ ಒಂದೇ. ಅಕ್ಕಿ ತೌಡು ಮತ್ತು ಹಿಟ್ಟಿನ, ಸಕ್ಕರೆಯಿಲ್ಲದ ಬಿಲ್ಲೆ, ಒಂದು ಕಟ್ಟು 200 ಯೆನ್. ಸುತ್ತಿದ ಕಾಗದದ ಪಟ್ಟಿಯನ್ನು ಜಿಂಕೆ ತಿಂದರೂ ತೊಂದರೆಯಿಲ್ಲ. ಚಕ್ಕುಲಿ, ಬಾಳೆಹಣ್ಣು, ಬ್ರೆಡ್ಡು ಕೊಡಬೇಡಿ, ಹುಲ್ಲು ಮೆಲುಕು ಹಾಕುವ ಹೊಟ್ಟೆಗೆ ಅವು ಆಗಿಬರುವುದಿಲ್ಲ. ಮನುಷ್ಯರ ತಿಂಡಿಯ ರುಚಿ ಹತ್ತಿದ ಜಿಂಕೆ ಪ್ಲಾಸ್ಟಿಕ್ ಚೀಲವನ್ನೂ ನುಂಗುತ್ತದೆ. 2019ರಲ್ಲಿ ಸತ್ತ ಜಿಂಕೆಗಳ ಹೊಟ್ಟೆಯಲ್ಲಿ ಕಿಲೋಗಟ್ಟಲೆ ಪ್ಲಾಸ್ಟಿಕ್ ಸಿಕ್ಕಿತ್ತು. ಪಾರ್ಕಿನಲ್ಲಿ ಕಸದ ಬುಟ್ಟಿಗಳು ವಿರಳವಾಗಿರುವುದು ಇದಕ್ಕೇ, ನಿಮ್ಮ ಕಸ ನಿಮ್ಮ ಚೀಲದಲ್ಲೇ ಇರಲಿ.

ತಿನ್ನಿಸುವ ಬಗೆ: ಸುತ್ತ ಎರಡು-ಮೂರೇ ಜಿಂಕೆಗಳಿರುವ ಕಡೆ ಕೊಳ್ಳಿ. ಕಟ್ಟನ್ನು ಚೀಲಕ್ಕೆ ಹಾಕಿ ಸ್ವಲ್ಪ ದೂರ ಹೋಗಿ, ಬೆನ್ನಿಗೆ ಮರ ಅಥವಾ ಗೋಡೆ ಇರುವಂತೆ ನಿಂತು, ಒಂದೊಂದಾಗಿ ಬೇಗ ಬೇಗ ಕೊಡಿ. ಜಿಂಕೆ ತಲೆಬಾಗುತ್ತದೆ, ನೋಡಲು ಚಂದ, ಆದರೆ ಅದನ್ನೇ ಮತ್ತೆ ಮತ್ತೆ ಮಾಡಿಸಲು ಬಿಲ್ಲೆಯನ್ನು ಮೇಲೆತ್ತಿ ಆಡಿಸಿದರೆ ಅದು ಸಿಟ್ಟಾಗಿ ಹೊಟ್ಟೆಗೋ ತೊಡೆಗೋ ಕಚ್ಚುತ್ತದೆ. ಇಲ್ಲಿ ಕಚ್ಚಿಸಿಕೊಳ್ಳುವವರಲ್ಲಿ ಬಹುಪಾಲು ಹೀಗೆ ಫೋಟೊಗಾಗಿ ಆಡಿಸಿದವರೇ. ಮುಗಿದ ಮೇಲೆ ಎರಡೂ ಅಂಗೈ ಬಿಡಿಸಿ ತೋರಿಸಿ, ಹಿಂದೆ ಸರಿಯುತ್ತವೆ. ಸೀರೆಯ ಸೆರಗು, ದುಪಟ್ಟಾ, ಕೈಯಲ್ಲಿ ಹಿಡಿದ ನಕ್ಷೆ, ರೈಲು ಟಿಕೆಟ್ಟು ಎಲ್ಲವನ್ನೂ ಬಾಯಿಗೆ ಹಾಕಿಕೊಳ್ಳುತ್ತವೆ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಮುಡಿದ ಹೂವಿದ್ದರೆ ತೆಗೆದಿಡಿ. ಸೆಪ್ಟೆಂಬರಿಂದ ನವೆಂಬರ್‌ವರೆಗೆ ಗಂಡುಗಳಿಗೆ ಬೆದೆಯ ಕಾಲ, ಕೊಂಬಿರುವವುಗಳಿಂದ ದೂರವಿರಿ. ಮೇ ಕೊನೆಯಿಂದ ಜುಲೈವರೆಗೆ ಮರಿಗಳ ಕಾಲ, ಹುಲ್ಲಲ್ಲಿ ಒಂಟಿಯಾಗಿ ಮಲಗಿದ ಮರಿಯನ್ನು ಮುಟ್ಟಲೇಬೇಡಿ, ತಾಯಿ ಎಲ್ಲೋ ಹತ್ತಿರದಲ್ಲೇ ಇರುತ್ತದೆ.

ಸಸ್ಯಾಹಾರಿಗಳ ಊಟ

‘ವೆಜಿಟೇರಿಯನ್’ ಎಂದರೆ ಇಲ್ಲಿ ಮಾಂಸದ ತುಂಡು ಕಾಣಬಾರದು ಎಂದಷ್ಟೇ ತಿಳಿಯುವವರು ಬಹಳ. ತೊಂದರೆ ಇರುವುದು ದಾಶಿಯಲ್ಲಿ. ಒಣಮೀನಿನ ಕಷಾಯ ಅದು. ಉದೋನ್, ಸೋಬಾ, ಸೋಮೆನ್ ನೂಡಲ್ಸ್‌ಗಳ ಸಾರು, ಮಿಸೋ ಸೂಪು, ಬೇಯಿಸಿದ ತರಕಾರಿ, ಎಲ್ಲದರಲ್ಲೂ ಇರುತ್ತದೆ. ಹೀಗೆ ಹೇಳಿ: “ನಿಕು ತೋ ಸಕಾನಾ ವಾ ತಬೆಮಾಸೆನ್. ಕತ್ಸುವೋ ದಾಶಿ ಮೋ ದಾಮೆ ದೆಸು.” ಮಾಂಸ, ಮೀನು ತಿನ್ನುವುದಿಲ್ಲ, ಮೀನಿನ ಸಾರೂ ಆಗದು ಎಂದರ್ಥ. ಫೋನಿನಲ್ಲಿ ಜಪಾನಿ ಅಕ್ಷರದಲ್ಲಿ ಬರೆದಿಟ್ಟುಕೊಂಡು ತೋರಿಸುವುದು ಇನ್ನೂ ಖಚಿತ.

ಊರಿನ ಹೆಸರಾಂತ ತಿನಿಸುಗಳಲ್ಲಿ ಕಾಕಿನೋಹಾ-ಜುಶಿ ಎಂಬುದು ಎಲೆಯಲ್ಲಿ ಸುತ್ತಿದ ಮೀನು-ಅನ್ನ. ನಾರಾಜುಕೆ ಉಪ್ಪಿನಕಾಯಿ ತರಕಾರಿಯದೇ, ಆದರೆ ಸಾಕೆ ಮದ್ಯದ ಗಸಿಯಲ್ಲಿ ಹಾಕಿದ್ದು, ಮೂಗಿಗೇ ಗೊತ್ತಾಗುತ್ತದೆ. ನಮಗೆ ಒಗ್ಗುವುದು ಚಾಗಾಯು, ಹುರಿದ ಚಹಾದ ನೀರಲ್ಲಿ ಬೇಯಿಸಿದ ತೆಳು ಗಂಜಿ. ಅಂಗಡಿಬೀದಿಯಲ್ಲಿ ಅಂಟಕ್ಕಿಯನ್ನು ಯೊಮೊಗಿ ಸೊಪ್ಪಿನ ಜೊತೆ ಒನಕೆಯಿಂದ ಕುಟ್ಟಿ ಮಾಡುವ ಯೊಮೊಗಿ ಮೋಚಿ, ಒಳಗೆ ಕೆಂಪು ಅವರೆಯ ಸಿಹಿ ಹೂರಣ. ವಾರಾಬಿ ಮೋಚಿ, ಕುಜು ಎಂಬ ಬಳ್ಳಿಯ ಬೇರಿನ ಪಿಷ್ಟದ ಸಿಹಿಗಳು, ಬೇಸಿಗೆಯಲ್ಲಿ ಹೆರೆದ ಮಂಜುಗಡ್ಡೆಯ ಕಾಕಿಗೋರಿ. ಪಾರ್ಕಿನ ಅಂಚಿನಲ್ಲಿ ಹಿಮುರೋ ಎಂಬ ಮಂಜುಗಡ್ಡೆಯ ಗುಡಿಯೇ ಇದೆ. ಮನೆಯಿಂದ ಬಿಸಿನೀರು ಹಾಕಿ ಮಾಡುವ ಉಪ್ಪಿಟ್ಟು, ಅವಲಕ್ಕಿ ಪೊಟ್ಟಣ ತಂದರೆ ಬೆಳಗಿನ ಸಮಸ್ಯೆ ಇಲ್ಲ. ಹಸಿ ಹಣ್ಣು, ಕರಿಬೇವು ಮಾತ್ರ ತರಬೇಡಿ, ಸಸ್ಯ ತಪಾಸಣೆಯಲ್ಲಿ ಹಿಡಿಯುತ್ತಾರೆ. ಅಂಗಡಿ, ಹೋಟೆಲುಗಳು ಬೇಗ ಮುಚ್ಚುವ ಊರಿದು. ರಾತ್ರಿಯೂಟ ಎಂಟರೊಳಗೆ ಮುಗಿಸುವ ಲೆಕ್ಕ ಇರಲಿ.

ಎರಡನೇ ದಿನ: ರಾಜಧಾನಿಯ ಕಡೆ

ಕಿಂತೆತ್ಸು ನಾರಾದಿಂದ ಸಾಯ್‌ದಾಯ್‌ಜಿ ಕಡೆಗೆ ಹೊರಟ ರೈಲು ಅರಮನೆಯ ಬಯಲನ್ನು ಸೀಳಿಕೊಂಡೇ ಹೋಗುತ್ತದೆ. ಬಲಗಡೆಯ ಕಿಟಕಿಯಲ್ಲಿ ದೂರಕ್ಕೆ ಕಾಣುವುದು ದಾಯ್‌ಗೊಕುದೆನ್, ಸಿಂಹಾಸನದ ಸಭಾಭವನ, 2010ರಲ್ಲಿ ಮರುನಿರ್ಮಿಸಿದ್ದು. ಎಡಗಡೆಯದು ಸುಜಾಕುಮೊನ್ ಹೆಬ್ಬಾಗಿಲು, 1998ರದು. ಸಾಯ್‌ದಾಯ್‌ಜಿಯಲ್ಲಿ ಇಳಿದು ಪೂರ್ವಕ್ಕೆ ಹದಿನೈದು-ಇಪ್ಪತ್ತು ನಿಮಿಷ ನಡೆಯಿರಿ. ಬಯಲಿಗೆ ಪ್ರವೇಶ ಉಚಿತ, ಸಂಗ್ರಹಾಲಯಗಳಿಗೆ ಸೋಮವಾರ ರಜೆ. ಇಲ್ಲಿ ನೋಡಲು ‘ಏನೂ ಇಲ್ಲ’ ಎಂದು ಬರೆಯುವವರಿದ್ದಾರೆ. ಇರುವುದೆಲ್ಲ ನೆಲದಡಿ: ಕಂಬದ ಗುಂಡಿಗಳು, ಕಾಲುವೆಗಳು, ತೆರಿಗೆಯ ಸಾಮಾನಿಗೆ ಕಟ್ಟುತ್ತಿದ್ದ ಶಾಯಿ ಬರಹದ ಮರದ ಚೀಟಿಗಳು. ಅಗೆದ ಗುಂಡಿಯನ್ನು ಹಾಗೆಯೇ ಉಳಿಸಿ ಮೇಲೆ ಮಾಡು ಹಾಕಿದ ಕಟ್ಟಡ ಈಶಾನ್ಯದಲ್ಲಿದೆ, ಮೊದಲು ಅದನ್ನೂ ಸಂಗ್ರಹಾಲಯವನ್ನೂ ನೋಡಿ ಆಮೇಲೆ ಬಯಲಿಗೆ ಇಳಿದರೆ ಕಂಬಗಳ ಜಾಗದಲ್ಲಿ ಬೆಳೆಸಿದ ಪೊದೆಗಳು ಏನೆಂದು ತಿಳಿಯುತ್ತದೆ. ನೆರಳಿಲ್ಲ. ಬೇಸಿಗೆಯಲ್ಲಿ ಒಂಬತ್ತರೊಳಗೆ ಬನ್ನಿ, ನೀರು ಕೈಯಲ್ಲಿರಲಿ.

ಅಲ್ಲಿಂದ ಸಾಯ್‌ದಾಯ್‌ಜಿಗೆ ಮರಳಿ, ಕಾಶಿಹಾರಾ ಮಾರ್ಗದಲ್ಲಿ ಎರಡನೇ ನಿಲ್ದಾಣ ನಿಶಿನೋಕ್ಯೋ. ಇಳಿದರೆ ಎದುರಿಗೇ ಯಾಕುಶಿಜಿ, ಉತ್ತರಕ್ಕೆ ಹತ್ತು ನಿಮಿಷ ನಡೆದರೆ ತೋಶೋದಾಯ್‌ಜಿ. ಎರಡೂ ಐದಕ್ಕೆ ಮುಚ್ಚುತ್ತವೆ, ನಾಲ್ಕೂವರೆಯ ನಂತರ ತೋಶೋದಾಯ್‌ಜಿಗೆ ಪ್ರವೇಶವಿಲ್ಲ. ಯಾಕುಶಿಜಿಯ ಪೂರ್ವದ ಗೋಪುರ 730ರದು. ಮೂರೇ ಅಂತಸ್ತು, ನಡುನಡುವೆ ಚಿಕ್ಕ ಮಾಡುಗಳಿರುವುದರಿಂದ ಆರು ಅನ್ನಿಸುತ್ತದೆ. ಪಶ್ಚಿಮದ್ದು 1981ರಲ್ಲಿ ಕಟ್ಟಿದ್ದು, ಇನ್ನೂ ಕೆಂಪು-ಹಸಿರು ಬಣ್ಣ. ಹೊಸದಿದ್ದಾಗ ಊರೆಲ್ಲ ಹಾಗೇ ಝಗಮಗಿಸುತ್ತಿತ್ತು ಎಂಬುದು ಎರಡನ್ನೂ ಒಟ್ಟಿಗೆ ನೋಡಿದಾಗಲೇ ಹೊಳೆಯುವುದು. ಒಳಗಿನ ಕಂಚಿನ ಭೈಷಜ್ಯಗುರುವಿನ ಪೀಠದ ಹಿಂಬದಿಗೂ ಹೋಗಿ: ದ್ರಾಕ್ಷಿಬಳ್ಳಿ, ಭಾರತದ ಮುಖಗಳು, ಚೀನಾದ ನಾಲ್ಕು ದಿಕ್ಕಿನ ಪ್ರಾಣಿಗಳು ಒಂದೇ ಪೀಠದಲ್ಲಿವೆ.

ತೋಶೋದಾಯ್‌ಜಿಯನ್ನು 759ರಲ್ಲಿ ಚೀನಾದ ಭಿಕ್ಷು ಜಿಯಾನ್‌ಝೆನ್ (ಇಲ್ಲಿ ಗಾಂಜಿನ್) ಸ್ಥಾಪಿಸಿದ. ಐದು ಸಲ ವಿಫಲನಾಗಿ, ಕಣ್ಣು ಕಳೆದುಕೊಂಡು, ಆರನೇ ಸಲ ಜಪಾನ್ ಮುಟ್ಟಿದವನು. ಮುಖ್ಯ ಮಂದಿರ ಎಂಟನೇ ಶತಮಾನದ್ದೇ, ಮುಂದಿನ ಕಂಬಸಾಲಿನಲ್ಲಿ ನಿಂತು ಕಂಬಗಳ ನಡುಭಾಗದ ಉಬ್ಬು ನೋಡಿ. ಸಾವಿರ ಕೈಯ ಅವಲೋಕಿತೇಶ್ವರನಿಗೆ ನಿಜವಾಗಿ ಸಾವಿರ ಕೈ ಕೂರಿಸಿದ್ದರು, ಈಗ 953 ಉಳಿದಿವೆ.

ಒಂದೇ ದಿನ ಇದ್ದರೆ

ಆಗ ಏಳೂವರೆಗೆ ತೋದಾಯ್‌ಜಿ, ಒಂಬತ್ತೂವರೆಗೆ ಕಸುಗಾ, ಹನ್ನೊಂದೂವರೆಗೆ ಕೋಫುಕುಜಿಯ ಸಂಗ್ರಹಾಲಯ, ಊಟ ಮುಗಿಸಿ ಎರಡರೊಳಗೆ ನಿಶಿನೋಕ್ಯೋ. ವಕಾಕುಸಾಯಾಮಾ, ನಾರಾಮಾಚಿ, ಇಸುಯ್‌ಎನ್ ಉದ್ಯಾನ ಬಿಡಿ. ಹೋರ್ಯೂಜಿ ದೇವಾಲಯವನ್ನು ಇದಕ್ಕೆ ಸೇರಿಸಲು ಹೋಗಬೇಡಿ, ಅದು ಇಕಾರುಗಾ ಎಂಬ ಬೇರೆ ಊರಿನಲ್ಲಿದೆ, ಅದಕ್ಕೇ ಅರ್ಧ ದಿನ ಬೇಕು. ಪೆಟ್ಟಿಗೆಗಳನ್ನು ಕಿಂತೆತ್ಸು ನಾರಾದ ಲಾಕರಿನಲ್ಲಿ ಇಟ್ಟರೆ ಸಂಜೆ ಅದಕ್ಕಾಗಿಯೇ ವಾಪಸ್ಸು ಬರಬೇಕಾಗುತ್ತದೆ. ಬೆಳಿಗ್ಗೆ ಬರುವಾಗಲೇ ಸಾಯ್‌ದಾಯ್‌ಜಿಯಲ್ಲಿ ಇಳಿದು ಅಲ್ಲಿಯ ಲಾಕರಿಗೆ ಹಾಕಿ, ಕ್ಯೋತೋ-ಒಸಾಕಾ ಎರಡಕ್ಕೂ ದಾರಿ ಅಲ್ಲಿಂದಲೇ.

ವಯಸ್ಸಾದ ಅಪ್ಪ-ಅಮ್ಮ ಜೊತೆಗಿದ್ದರೆ ನಿಗತ್ಸುದೋ ಮೆಟ್ಟಿಲು ಬಿಟ್ಟು ತೋದಾಯ್‌ಜಿಯಿಂದ ಬಸ್ಸಿನಲ್ಲೇ ಕಸುಗಾಕ್ಕೆ ಹೋಗಿ. ‘ಕಸುಗಾ ತಾಯ್‌ಶಾ ಹೊಂದೆನ್’ ಎಂಬ ಕೊನೆಯ ನಿಲ್ದಾಣ ಗುಡಿಯ ಹತ್ತಿರವೇ ಇದೆ. ‘ಒಮೋತೆಸಾಂದೋ’ ಎಂಬಲ್ಲಿ ಇಳಿದರೆ ಜಲ್ಲಿಕಲ್ಲಿನ ದಾರಿಯಲ್ಲಿ ಹತ್ತು-ಹದಿನೈದು ನಿಮಿಷ ನಡೆಯಬೇಕು, ಗಾಲಿಕುರ್ಚಿಗೆ ಅದು ಕಷ್ಟ.